ಸರಕು ರೈಲು ನಿಲ್ದಾಣವೂ ನೆರೆಹಳ್ಳಿಯ ಅಹವಾಲೂ

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹೆಸರನ್ನು ಕೇಳಿದೊಡನೆ ಈಗಿನವರ ಮನಸ್ಸಿಗೆ ಬರುವುದು ನೀರಿನ ನಡುವೆ ನಿಂತಿರುವ ಒಂದು ಇಗರ್ಜಿಯ ಅವಶೇಷ. ಕಳೆದ ಶತಮಾನಕ್ಕೂ ಹಿಂದೆ, 1860ರ ಸುಮಾರಿನಲ್ಲಿ, ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಮಂದಿರವು ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣವಾದಂದಿನಿಂದ ಮಳೆಗಾಲದಲ್ಲಿ ಮುಳುಗುತ್ತಲೂ ಬೇಸಗೆಯಲ್ಲಿ ಏಳುತ್ತಲೂ ಇದೆ. ಜಲಾಶಯದ ಪೂರ್ಣಮಟ್ಟ 2,922 ಅಡಿ, ಶೇಖರಣೆ 37.10 ಟಿ.ಎಂ.ಸಿ. ಎಂಬುದನ್ನು ಪತ್ರಿಕೆಗಳು ಪ್ರತಿ ಮಳೆಗಾಲದಲ್ಲಿಯೂ ಅಚ್ಚು ಮಾಡುತ್ತವೆ. ಆ ಮಟ್ಟದ ಕೆಳಗೆ ಮನೆಮಾಡಿಕೊಂಡಿದ್ದವರು ಏನು ಹೇಳಿದರು, ಯಾರೊಡನೆ ಹೇಳಿಕೊಂಡರು ಎಂಬುದು ಅಂಥ ಅಂಕಿಗಳಂತೆ ಎಲ್ಲರ ಬಾಯಲ್ಲಿ ಉಳಿಯುವ ಸಂಗತಿಯಲ್ಲ. ನೋಡಲು ಬಂದವರು ಚಿತ್ರ ತೆಗೆದುಕೊಂಡು ಹೋಗುತ್ತಾರೆ.

ದೊಡ್ಡ ನಿರ್ಮಾಣವೊಂದು ಬಂದಾಗ ಅದರ ನೆರೆಯಲ್ಲಿರುವವರ ಮಾತನ್ನು ಕೇಳತಕ್ಕ ಕ್ರಮ ಯಾವುದು, ಆ ಕ್ರಮಕ್ಕೆ ಕಾನೂನಿನಲ್ಲಿ ಎಷ್ಟು ಬಲವುಂಟು ಎಂಬುದನ್ನು ಈ ಲೇಖನದಲ್ಲಿ ರೈಲು ಸರಕು ನಿಲ್ದಾಣಗಳಿಗೆ ಅನ್ವಯಿಸಿ ವಿವರಿಸಲು ಯತ್ನಿಸಲಾಗಿದೆ. ಜಲಾಶಯದಿಂದ ರೈಲಿಗೆ ಹಾರುವುದು ಅಸಂಬದ್ಧವೆಂದು ತೋರಬಹುದು. ಆದರೆ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗವು ಪೂರ್ಣವಾಗಿ ತೆರೆದುದೂ ಅದೇ 1979ರಲ್ಲಿ. ಒಂದೇ ಜಿಲ್ಲೆಗೆ ಒಂದೇ ವರ್ಷದಲ್ಲಿ ಬಂದ ಈ ಎರಡು ನಿರ್ಮಾಣಗಳೂ ಒಂದೇ ಬಗೆಯ ಕಾನೂನಿನ ಕಾಲದವು.

ಆ ಕಾಲದ ಭೂಸ್ವಾಧೀನಕ್ಕೆ ಆಧಾರವಾಗಿದ್ದುದು 1894ರ ಕಾಯಿದೆ. ಅದು ಹುಟ್ಟಿದಾಗ ಜಮೀನಿನ ಒಡೆಯನು ಪರಿಹಾರದ ಮೊತ್ತವನ್ನು ಕುರಿತು ವಾದಿಸಬಹುದಾಗಿತ್ತೇ ಹೊರತು, ಜಮೀನನ್ನು ತೆಗೆದುಕೊಳ್ಳುವುದೇ ಸರಿಯಲ್ಲವೆಂದು ಹೇಳಲು ಸ್ಥಳವಿರಲಿಲ್ಲ. 1923ರಲ್ಲಿ 5-ಎ ಎಂಬ ಪ್ರಕರಣ ಸೇರಿದ ಮೇಲೆ ಆಕ್ಷೇಪಣೆ ಸಲ್ಲಿಸುವ ಹಕ್ಕು ಬಂತು. ಹಾಗೆ ಬಂದ ಹಕ್ಕನ್ನೂ ‘ತುರ್ತು’ ಎಂಬ ಒಂದು ಮಾತಿನಿಂದ 17ನೆಯ ಪ್ರಕರಣದ ಮೇರೆಗೆ ಸರ್ಕಾರವು ತಡೆಯಬಹುದಾಗಿತ್ತು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಮಾತನಾಡುವ ಅಧಿಕಾರವಿದ್ದುದು ಜಮೀನಿನಲ್ಲಿ ‘ಹಿತಾಸಕ್ತಿ’ಯುಳ್ಳವನಿಗೆ ಮಾತ್ರ. ಆ ಜಮೀನಿನ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದವಳು, ಅದರ ಪಕ್ಕದ ಗೋಮಾಳದಲ್ಲಿ ಕುರಿ ಬಿಡುತ್ತಿದ್ದವನು, ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವನು ಕಾನೂನಿನ ಕಣ್ಣಿಗೆ ಬೀಳುತ್ತಿರಲಿಲ್ಲ. ಊರು ಎಂಬುದು ಕಾಯಿದೆಯಲ್ಲಿ ಒಂದು ವ್ಯಕ್ತಿಯಾಗಿರಲಿಲ್ಲ. ಸರ್ವೆ ನಂಬರುಗಳ ಮೊತ್ತವಾಗಿತ್ತು.

‘ಸಾರ್ವಜನಿಕ ಅಹವಾಲು ಸಭೆ’ಯೆಂದು ನಾವು ಇಂದು ಕರೆಯುವ ವ್ಯವಸ್ಥೆ ಬಹಳ ಈಚಿನದು. 1994ರ ಪರಿಸರ ಪರಿಣಾಮ ಅಧಿಸೂಚನೆಗೆ 1997ರಲ್ಲಿ ತಂದ ತಿದ್ದುಪಡಿಯಿಂದ ಅದು ಕಡ್ಡಾಯವಾಯಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯು ಅದಕ್ಕೆ ವಿಸ್ತಾರವಾದ ವಿಧಿಯನ್ನು ಹಾಕಿಕೊಟ್ಟಿತು. ಸಭೆಗೆ ಮೂವತ್ತು ದಿನಗಳ ಮುನ್ಸೂಚನೆ ಬೇಕು. ಜಿಲ್ಲಾಧಿಕಾರಿಯೋ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಮೆಯಿಲ್ಲದ ಅವರ ಪ್ರತಿನಿಧಿಯೋ ಅಧ್ಯಕ್ಷತೆ ವಹಿಸಬೇಕು. ಕೋರಂ ಬೇಕಿಲ್ಲ. ನಡಾವಳಿಯನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ಹೇಳಬೇಕು. ಮುಖ್ಯವಾದ ಮಾತೆಂದರೆ, ಜಮೀನಿಲ್ಲದವನೂ ಇಲ್ಲಿ ಎದ್ದು ನಿಂತು ಮಾತನಾಡಬಹುದು. 1894ರಿಂದ ಇಲ್ಲಿಯವರೆಗೆ ಆದ ಪ್ರಗತಿಯಲ್ಲಿ ಇದು ಅತ್ಯಂತ ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ.

ಆದರೆ ವಿದ್ಯಾರ್ಥಿಗಳು ಅನೇಕರು ತಿಳಿಯದ ಸಂಗತಿಯೊಂದುಂಟು. ಈ ಅಧಿಸೂಚನೆಯ ಅನುಬಂಧದಲ್ಲಿ ಗಣಿ, ಅಣೆಕಟ್ಟು, ಬಂದರು, ವಿಮಾನ ನಿಲ್ದಾಣ, ಹೆದ್ದಾರಿ ಇವೆಲ್ಲವೂ ಇವೆ, ರೈಲುಮಾರ್ಗವಿಲ್ಲ. ಕಟ್ಟಡ ಮತ್ತು ಪ್ರದೇಶಾಭಿವೃದ್ಧಿಯೆಂಬ ಎಂಟನೆಯ ವರ್ಗಕ್ಕೆ ಪರಿಸರ ಅನುಮತಿ ಬೇಕಾದರೂ ಅಹವಾಲು ಸಭೆಯಿಂದ ವಿನಾಯಿತಿಯಿದೆ. ಹೀಗಾಗಿ ರೈಲು ಸರಕು ನಿಲ್ದಾಣವೊಂದು ‘ರೈಲು’ ಎಂದು ಎಣಿಕೆಯಾದರೂ ‘ಕಟ್ಟಡ’ವೆಂದು ಎಣಿಕೆಯಾದರೂ ಈ ಸಭೆಯ ಬಾಗಿಲು ತೆರೆಯುವುದಿಲ್ಲ. ಇತ್ತ 2013ರ ಭೂಸ್ವಾಧೀನ ಕಾಯಿದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಗ್ರಾಮದಲ್ಲಿಯೇ ನಡೆಯಬೇಕಾದ ಅಹವಾಲನ್ನೂ ವಿಧಿಸಿತು. ಆದರೆ ಅದರ ನಾಲ್ಕನೆಯ ಅನುಬಂಧದಲ್ಲಿ ಹೆಸರಿಸಿದ ಹದಿಮೂರು ಕಾಯಿದೆಗಳನ್ನು ಹೊರಗಿಟ್ಟಿತು. ಆ ಹದಿಮೂರರಲ್ಲಿ 1989ರ ರೈಲ್ವೆ ಕಾಯಿದೆಯೂ ಒಂದು. 2015ರಲ್ಲಿ ಪರಿಹಾರ ಮತ್ತು ಪುನರ್ವಸತಿಯ ಭಾಗಗಳು ಅವುಗಳಿಗೂ ಅನ್ವಯವಾದುವು. ಕೇಳಿಸಿಕೊಳ್ಳುವ ಭಾಗ ಅನ್ವಯವಾಗಲಿಲ್ಲ. ಹಣದ ವಿಷಯದಲ್ಲಿ ಸಮಾನತೆ ಬಂತು, ಮಾತಿನ ವಿಷಯದಲ್ಲಿ ಬರಲಿಲ್ಲ.

ಹಾಗಾದರೆ ರೈಲ್ವೆ ಕಾಯಿದೆಯಲ್ಲಿ ಏನಿದೆ? ಸರಕಿಗೆಂದೇ ಮೀಸಲಾದ ದೀರ್ಘಮಾರ್ಗಗಳ ಯೋಜನೆಗಾಗಿ 2008ರಲ್ಲಿ ಅದಕ್ಕೆ ಹೊಸ ಅಧ್ಯಾಯವೊಂದು ಸೇರಿತು. ಅದರ 20-ಡಿ ಪ್ರಕರಣದಂತೆ ಪ್ರಕಟಣೆಯಾದ ಮೂವತ್ತು ದಿನಗಳೊಳಗೆ ಹಿತಾಸಕ್ತಿಯುಳ್ಳವನು ಬರಹದಲ್ಲಿ ಆಕ್ಷೇಪಿಸಬಹುದು. ಅಧಿಕಾರಿಯು ಅವನನ್ನಾಗಲಿ ಅವನ ವಕೀಲನನ್ನಾಗಲಿ ಕೇಳಿ ಆಜ್ಞೆ ಮಾಡುತ್ತಾನೆ. ಆ ಆಜ್ಞೆ ಅಂತಿಮ. ವಿಚಾರದಲ್ಲಿ ಇದು 1923ರ 5-ಎಯ ಮೊಮ್ಮಗ.

ಈಗ ಜೀವಂತ ಉದಾಹರಣೆಗೆ ಬರೋಣ. ಹಾಸನದಿಂದ ಅರಸೀಕೆರೆ, ತುಮಕೂರುಗಳ ಮೇಲೆ ಬೆಂಗಳೂರಿಗೆ ಹೋಗುವ ರೈಲು ದಾಬಸ್‌ಪೇಟೆಯನ್ನು ದಾಟಿದ ಮೇಲೆ ಮುದ್ದಲಿಂಗನಹಳ್ಳಿ ಎಂಬ ಚಿಕ್ಕ ನಿಲ್ದಾಣವನ್ನು ಹಾಯುತ್ತದೆ. ಅಲ್ಲಿ ಸುಮಾರು 400 ಎಕರೆಗಳಲ್ಲಿ, 1,770 ಕೋಟಿ ರೂಪಾಯಿಗಳ ಅಂದಾಜಿನಲ್ಲಿ, ಮಲ್ಟಿ ಮೋಡಲ್ ಲಾಜಿಸ್ಟಿಕ್ ಪಾರ್ಕ್ ಎಂಬ ಸರಕು ಕೇಂದ್ರಕ್ಕೆ ಕೈಹಾಕಲಾಗಿದೆ. ರೈಲು, ಹೆದ್ದಾರಿ, ಉಗ್ರಾಣ, ಶೀತಲಗೃಹ ಇವೆಲ್ಲ ಒಂದೇ ಆವರಣದಲ್ಲಿ ಕೂಡುವ ಏರ್ಪಾಡಿದು. ಖಾಸಗಿ ಸಂಸ್ಥೆಗೆ 45 ವರ್ಷಗಳ ಗುತ್ತಿಗೆ. ಆ ಅವಧಿ ಮುಗಿಯುವ ವೇಳೆಗೆ ಸುಮಾರು 3 ಕೋಟಿ ಟನ್ ಸರಕಿನ ನಿರೀಕ್ಷೆ. ಯೋಜನೆಗಾಗಿ ರಚಿತವಾದ ಸರ್ಕಾರಿ ಕಂಪೆನಿಯಲ್ಲಿ ಹೆದ್ದಾರಿ ಮತ್ತು ರೈಲು ಸಂಸ್ಥೆಗಳೊಡನೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯೂ ಪಾಲುದಾರ.

ಈ ಮಂಡಳಿಯ ಭೂಸ್ವಾಧೀನವು 1966ರ ರಾಜ್ಯ ಕಾಯಿದೆಯಂತೆ ನಡೆಯುತ್ತದೆ. 28(1)ರ ಪ್ರಕಟಣೆ, 28(2)ರ ನೋಟೀಸು, 28(3)ರ ವಿಚಾರಣೆ, 28(4)ರ ಅಂತಿಮ ಘೋಷಣೆ—ಬೆಂಗಳೂರು ಗ್ರಾಮಾಂತರದ ರೈತರಿಗೆ ಈ ಸಂಖ್ಯೆಗಳು ಮಗ್ಗಿಯಂತೆ ಬಾಯಿಗೆ ಬರುತ್ತವೆ. ಇಲ್ಲಿಯೂ ಕರೆಯುವುದು ಒಡೆಯನನ್ನು ಮತ್ತು ಸ್ವಾಧೀನದಲ್ಲಿರುವವನನ್ನು. ಈ ವಿಚಾರಣೆಯ ಶಕ್ತಿ ಎಷ್ಟೆಂಬುದನ್ನು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ನೋಡಬಹುದು. (ನಮ್ಮ ಹಾಸನದ ಚನ್ನರಾಯಪಟ್ಟಣವಲ್ಲ, ಹೆಸರು ಒಂದೇ.) ಹದಿಮೂರು ಹಳ್ಳಿಗಳ 1,777 ಎಕರೆಗಳನ್ನು ವೈಮಾನಿಕ ಉದ್ಯಮಕ್ಕಾಗಿ ತೆಗೆದುಕೊಳ್ಳುವ ಪ್ರಸ್ತಾಪವು ಕೈಬಿಟ್ಟುಹೋದುದು 2025ರ ಜುಲೈ 15ರಂದು, ಮೂರು ವರ್ಷಗಳಿಗೂ ಮೀರಿದ ಧರಣಿಯ ಬಳಿಕ, ಮುಖ್ಯಮಂತ್ರಿಗಳ ಘೋಷಣೆಯಿಂದ. ಕಾಯಿದೆಯ ಕೊಠಡಿಯಲ್ಲಿ ಆಗದ ಕೇಳಿಕೆ ರಸ್ತೆಯ ಬದಿಯ ಚಪ್ಪರದಲ್ಲಿ ಆಯಿತು. ಇದನ್ನು ಗೆಲುವೆನ್ನುವವರು ಎನ್ನಲಿ. ರೈತನೊಬ್ಬನು ತನ್ನ ಮಾತು ಕೇಳಿಸಲು ಮೂರು ಬೆಳೆಗಾಲಗಳನ್ನು ಚಪ್ಪರದಲ್ಲಿ ಕಳೆಯಬೇಕಾದ ವಿಧಾನವನ್ನು ಉತ್ತಮ ವಿಧಾನವೆನ್ನಲಾರೆ.

ಭೂಮಿಯ ಪ್ರಶ್ನೆ ತೀರಿದ ಮೇಲೂ ಸರಕು ನಿಲ್ದಾಣದ ನೆರೆಯವರಿಗೆ ಕೇಳಬೇಕಾದುದು ಬಹಳ ಉಳಿದಿರುತ್ತದೆ. ಇದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಕಂಟೇನರ್ ಹೊರುವ ಒಂದು ರೇಕಿನಲ್ಲಿ ಸಾಧಾರಣವಾಗಿ 45 ವ್ಯಾಗನ್ನುಗಳು. ಒಂದೊಂದರ ಮೇಲೆ ಇಪ್ಪತ್ತು ಅಡಿಯ ಪೆಟ್ಟಿಗೆ ಎರಡರಂತೆ 90. ರೈಲು ಒಂದು ಸಲ ಬರುತ್ತದೆ, ಒಂದು ಸಲ ಹೋಗುತ್ತದೆ. ಆ ತೊಂಬತ್ತು ಪೆಟ್ಟಿಗೆಗಳನ್ನು ಇಳಿಸಿ ಬೇರೆ ತೊಂಬತ್ತನ್ನು ಏರಿಸಬೇಕಾದರೆ, ಒಂದು ಲಾರಿಗೆ ಒಂದರಂತೆ, ತಂದ ಲಾರಿಯೇ ಮರಳಿ ಹೊತ್ತೊಯ್ಯುವ ಅತ್ಯುತ್ತಮ ಏರ್ಪಾಡಿನಲ್ಲಿಯೂ ಊರಿನ ರಸ್ತೆಯಲ್ಲಿ ಲಾರಿಯ ಓಡಾಟ 180 ಸಲ. ಒಂದು ಕಡೆ ಬರಿದಾಗಿ ಓಡುವುದಾದರೆ 360 ಸಲ. ಇದು ಒಂದು ರೇಕಿನ ಮಾತು. ಸರಕು ಲಾರಿಯಿಂದ ರೈಲಿಗೆ ಹೋಗುವುದು ದೇಶದ ದೃಷ್ಟಿಯಿಂದ ಹಿತವೇ ಸರಿ. ಡೀಸೆಲ್ ಉಳಿಯುತ್ತದೆ, ಹೆದ್ದಾರಿ ಹಗುರಾಗುತ್ತದೆ. ಆದರೆ ನೂರಾರು ಮೈಲಿಯ ಹೆದ್ದಾರಿಯಿಂದ ತೆಗೆದ ಲಾರಿಗಳೆಲ್ಲ ಕೊನೆಯ ನಾಲ್ಕು ಮೈಲಿಯಲ್ಲಿ ಬಂದು ಕೂಡುತ್ತವೆ. ಆ ನಾಲ್ಕು ಮೈಲಿಯಲ್ಲಿ ಇರುವುದು ಹಳ್ಳಿಯ ಶಾಲೆ, ಹಾಲಿನ ಡೇರಿ, ರೇಷ್ಮೆ ಮನೆ.

ಆದುದರಿಂದ ನೆರೆಯವರ ಪ್ರಶ್ನೆಗಳು ಬಹುಪಾಲು ತೀರ ಸಣ್ಣವು. ಲಾರಿ ಯಾವ ದಾರಿಯಲ್ಲಿ ಬರುತ್ತದೆ? ಶಾಲೆ ಬಿಡುವ ಹೊತ್ತಿಗೆ ನಿಲ್ಲುತ್ತದೆಯೆ? ರೇಕನ್ನು ಹಿಂದೆಮುಂದೆ ಮಾಡುವಾಗ ಗೇಟು ಎಷ್ಟು ಹೊತ್ತು ಮುಚ್ಚಿರುತ್ತದೆ? ಹೊಸದಾಗಿ ಏರಿಸಿದ ಮಣ್ಣಿನ ದಿಬ್ಬವು ಕೆರೆಗೆ ಹೋಗುವ ಹಳ್ಳವನ್ನು ತಡೆಯುತ್ತದೆಯೆ? ರಾತ್ರಿಯೆಲ್ಲ ಉರಿಯುವ ದೀಪಸ್ತಂಭಗಳ ಕೆಳಗಿನ ಹೊಲದಲ್ಲಿ ಯಾರು ಮಲಗಿಯಾರು? ಇವುಗಳಲ್ಲಿ ಅನೇಕವನ್ನು ನಕ್ಷೆಯ ಹಂತದಲ್ಲಿ ಯಾರೂ ಊಹಿಸಲಾರರು. ಕೆಲಸ ಆರಂಭವಾಗಿ ಮೊದಲ ಮಳೆ ಬಂದಾಗಲೇ ಹಳ್ಳ ಎಲ್ಲಿ ಕಟ್ಟಿಕೊಂಡಿತೆಂಬುದು ತಿಳಿಯುವುದು. ಆದರೆ ನಮ್ಮ ಕಾನೂನುಗಳಲ್ಲಿ ಕೇಳಿಸಿಕೊಳ್ಳುವ ಹೊತ್ತು ಯಾವಾಗಲೂ ಕೆಲಸಕ್ಕೆ ಮೊದಲು. ಗುದ್ದಲಿ ಬಿದ್ದ ಮೇಲೆ ಉಳಿಯುವುದು ಪರಿಸರ ಅನುಮತಿ ಪಡೆದವರು ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕಾದ ಅರ್ಧವಾರ್ಷಿಕ ವರದಿ. ಅದು ಸಾರ್ವಜನಿಕ ದಾಖಲೆಯೆಂಬುದು ನಿಜ, ಪ್ರಶ್ನೋತ್ತರವಲ್ಲ.

ಇಂಗ್ಲೆಂಡಿನ 2008ರ ಯೋಜನಾ ಕಾಯಿದೆಯು ಅರುವತ್ತು ಹೆಕ್ಟೇರುಗಳಿಗೆ ಕಡಮೆಯಿಲ್ಲದ, ದಿನಕ್ಕೆ ನಾಲ್ಕು ಸರಕು ರೈಲುಗಳನ್ನಾದರೂ ನಿರ್ವಹಿಸಬಲ್ಲ ನಿಲ್ದಾಣಗಳನ್ನು ರಾಷ್ಟ್ರೀಯ ಮಹತ್ವದವೆಂದು ಪ್ರತ್ಯೇಕಿಸಿತು. ಸುತ್ತಲ ಜನರನ್ನು ಹೇಗೆ ವಿಚಾರಿಸುವೆನೆಂಬ ಹೇಳಿಕೆಯನ್ನು ಅರ್ಜಿದಾರನು ಮೊದಲೇ ಪ್ರಕಟಿಸಬೇಕು, ಬಂದ ಅಭಿಪ್ರಾಯಗಳಿಂದ ಯೋಜನೆಯಲ್ಲಿ ಏನು ಬದಲಾಯಿತೆಂದು ತೋರಿಸಬೇಕು ಎಂದು ಮೂಲ ಕಾಯಿದೆ ವಿಧಿಸಿತ್ತು. ಇದರಿಂದ ವಿಳಂಬವಾಯಿತೆಂಬ ದೂರು ಅಲ್ಲಿಯೂ ಎದ್ದಿತು. ಅಲ್ಲಿಯ ಕಾಯಿದೆಯನ್ನು ಇಲ್ಲಿ ತಂದು ನೆಡಬೇಕೆಂದು ಹೇಳುತ್ತಿಲ್ಲ, ‘ಏನು ಬದಲಾಯಿತು?’ ಎಂಬ ಪ್ರಶ್ನೆಯನ್ನು ನಮ್ಮ ನಡಾವಳಿಗಳು ಕೇಳುವುದೇ ಇಲ್ಲವೆಂಬುದನ್ನು ಮಾತ್ರ ಗಮನಕ್ಕೆ ತರುತ್ತಿದ್ದೇನೆ.

ಭಾಷೆಯ ತೊಡಕು ಇನ್ನೊಂದು. ಅಹವಾಲು ಸಭೆ ಇರುವ ಯೋಜನೆಗಳಲ್ಲಿಯೂ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕಾದುದು ಪರಿಣಾಮ ವರದಿಯ ಸಾರಾಂಶ ಮಾತ್ರ. ನೂರಾರು ಪುಟಗಳ ಮೂಲ ಇಂಗ್ಲಿಷಿನಲ್ಲಿರುತ್ತದೆ. ಹಳ್ಳ ಯಾವ ಸರ್ವೆ ನಂಬರಿನಲ್ಲಿ ತಿರುಗುತ್ತದೆಂಬುದು ಆ ಮೂಲದ ಕೋಷ್ಟಕದಲ್ಲಿರುತ್ತದೆ, ಸಾರಾಂಶದಲ್ಲಿರುವುದಿಲ್ಲ. 2020ರಲ್ಲಿ ಹೊಸ ಅಧಿಸೂಚನೆಯ ಕರಡನ್ನು ಕನ್ನಡದಲ್ಲಿ ಪ್ರಕಟಿಸಲಿಲ್ಲವೆಂಬ ಕಾರಣದ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯವು ಅದರ ಅಂತಿಮ ಪ್ರಕಟಣೆಯನ್ನು ತಡೆದುದು ಈ ದೃಷ್ಟಿಯಿಂದ ಸ್ಮರಣೀಯ.

ಹಾಸನದವರಿಗೆ ಇದು ದೂರದ ಮಾತಲ್ಲ. ಮಂಗಳೂರಿನ ಮೀಟರ್ ಗೇಜ್ ಮಾರ್ಗವನ್ನು ಅಗಲಿಸಲು 1996ರಲ್ಲಿ ಮುಚ್ಚಲಾಯಿತು. ಕೆಲಸವನ್ನು ಮುಗಿಸಲು 2003ರಲ್ಲಿ ಪ್ರತ್ಯೇಕ ಕಂಪೆನಿ ಸ್ಥಾಪಿತವಾಯಿತು. ಅದುರು ಮೊದಲಾದ ಸರಕಿನ ರೈಲು 2006ರ ಮೇ ತಿಂಗಳಲ್ಲಿ ಓಡಿತು. ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಘಟ್ಟದ ಕಡಿದಾದ ಇಳಿಜಾರಿನಲ್ಲಿ ಪ್ರಯಾಣಿಕರ ಸುರಕ್ಷತೆಗೆ ಬೇರೆಯೇ ಪರೀಕ್ಷೆ ಬೇಕೆಂಬುದು ಸರಿಯಾದ ಕಾರಣ. ಆದರೂ ಹದಿನೆಂಟು ತಿಂಗಳ ಕಾಲ ಸಕಲೇಶಪುರ, ದೋಣಿಗಲ್ಲುಗಳ ಜನ ತಮ್ಮ ಊರಿನ ಮೇಲೆ ಸರಕು ಹಾಯುವುದನ್ನು ನೋಡುತ್ತ ಬಸ್ಸಿಗೆ ಕಾದರು. 2018ರ ಆಗಸ್ಟಿನಲ್ಲಿಯೂ 2024ರ ಜುಲೈನಲ್ಲಿಯೂ ಗುಡ್ಡ ಜರಿದು ಅದೇ ಮಾರ್ಗ ಕೆಡೆಯಿತು. ಯಾವ ಇಳಿಜಾರಿನಲ್ಲಿ ಮಳೆಗಾಲದ ನೀರು ಎಲ್ಲಿ ಒಸರುತ್ತದೆಂಬುದನ್ನು ಅಲ್ಲಿಯ ಕಾಫಿ ತೋಟದ ಆಳುಗಳೂ ಹಳಿ ನೋಡಿಕೊಳ್ಳುವ ಗ್ಯಾಂಗಿನವರೂ ಬಲ್ಲರು. ಅವರನ್ನು ಕೂಡಿಸಿ ಕೇಳಿ, ಹೇಳಿದುದನ್ನು ಕನ್ನಡದಲ್ಲಿ ಬರೆದು, ವರ್ಷಕ್ಕೆರಡು ಬಾರಿ ಗ್ರಾಮಸಭೆಯ ಮುಂದೆ ಓದಲು ಹೊಸ ಕಾಯಿದೆ ಬೇಕಿಲ್ಲ. ಗ್ರಾಮಸಭೆಗಳನ್ನು 1993ರ ಪಂಚಾಯತ್ ಕಾಯಿದೆ ಈಗಾಗಲೇ ಕೊಟ್ಟಿದೆ. ಸರಕು ನಿಲ್ದಾಣದ ಎಂಜಿನಿಯರನು ಅಲ್ಲಿಗೆ ಬಂದು ಕುಳಿತುಕೊಳ್ಳಬೇಕೆಂಬ ಒಂದು ಷರತ್ತು ಗುತ್ತಿಗೆಯ ಪತ್ರದಲ್ಲಿ ಸೇರಬೇಕಾಗಿದೆ.