ನಗಲಿಕ್ಕೆ ನಮ್ಮ ಮಾತು... ಅಳಲಿಕ್ಕೆ ಯಾರ ಮಾತು?

ಇಂಡಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಖಾನಾವಳಿ. ಸಂಜೆಯಾದರೆ ಒಲೆ ಮುಂದೆ ಕೂತ ಅಕ್ಕನ ಕೈ ರೊಟ್ಟಿ ಬಡಿಯುತ್ತಿರುತ್ತದೆ, ಕಣ್ಣು ಮಾತ್ರ ಗೋಡೆಯ ಟಿ.ವಿ. ಮೇಲೆ! ‘ಅಮೃತಧಾರೆ’ಯ ಭೂಮಿಕಾ ಕಣ್ಣೊರೆಸಿಕೊಂಡರೆ ಇಲ್ಲಿ ಅಕ್ಕನ ಸೆರಗೂ ಕಣ್ಣಿಗೆ ಹೋಗುತ್ತದೆ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲು! ಗಿರಾಕಿ ಗೊಣಗಿದರೆ ಸಿಗುವ ಉತ್ತರ ಒಂದೇ: “ತಡೀರಿ ಅಣ್ಣಾರ, ಜಾಹೀರಾತು ಬರಲಿ, ಬಿಸಿದು ಕೊಡತೀನಿ.”

ರಾಜೇಶ್ ನಟರಂಗ, ಛಾಯಾ ಸಿಂಗ್ ಜೋಡಿಯ ಈ ಧಾರಾವಾಹಿ 2023ರಲ್ಲಿ ಶುರುವಾಯಿತು. ಅಂದಿನಿಂದಲೂ ಅಕ್ಕ ಅದರ ಅಭಿಮಾನಿ. “ವಯಸ್ಸಾದ ಮ್ಯಾಲ ಲಗ್ನ ಆದವರು ತಮ್ಮಾ. ಒಬ್ಬರ ಮ್ಯಾಲ ಒಬ್ಬರಿಗೆ ಜೀವ. ನಡುವ ಮಂದಿ ಕಡ್ಡಿ ಆಡಸ್ತಾರ ನೋಡು, ಅದಕ್ಕ ನನ್ನ ಹೊಟ್ಟಿ ಉರೀತದ” ಅಂತ ನನಗೆ ವಿವರಿಸಿದರು.

ಆಮೇಲೆ ಯಾರೋ ಚಾನೆಲ್ ತಿರುಗಿಸಿದರು. ಒಂದು ನಗೆ ಕಾರ್ಯಕ್ರಮ. ಕುಡುಕನೊಬ್ಬ ವೇದಿಕೆಗೆ ತೂರಾಡುತ್ತ ಬಂದ. ಬಾಯಿ ತೆರೆದರೆ ನಮ್ಮ ಕಡೆಯ ಭಾಷೆ! ಖಾನಾವಳಿ ತುಂಬ ನಗೆ. ಅಕ್ಕನೂ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಅಕ್ಕ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು.

“ತಮ್ಮಾ, ನಾವೂ ಅಳತೀವಲ್ಲ? ನಮ್ಮ ಮಾತಿನ್ಯಾಗ ಅಳೂ ಹೆಣಮಗಳು ಟಿ.ವಿ.ಯಾಗ ಯಾಕ ಬರಂಗಿಲ್ಲ?”

ನನ್ನ ಬಾಯಿ ಕಟ್ಟಿತು. ಮರುದಿನ ಅದೇ ಪ್ರಶ್ನೆ ಜೋಳಿಗೆಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಬೆಂಗಳೂರಿಗಿಂತ ನಾವೇ ಮೊದಲು!

ಸಿಂದಗಿಯಲ್ಲಿ ಸಿಕ್ಕವರು ನಿವೃತ್ತ ಮಾಸ್ತರರೊಬ್ಬರು. ಪ್ರಶ್ನೆ ಕೇಳಿ ಮೊದಲು ನಕ್ಕರು. “ಟಿ.ವಿ. ಅನ್ನೂದು ಬೆಂಗಳೂರಿನವರಕಿಂತ ಮೊದಲ ನೋಡಿದವರು ನಮ್ಮ ಜಿಲ್ಲಾದ ಹಳ್ಳಿ ಮಂದಿ, ಗೊತ್ತದನು ನಿಮಗ?” ಅಂದರು.

ನಿಜ ಓದುಗರೇ! 1975ರ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗ ಶುರುವಾಯಿತು. ಹೆಸರು ‘ಸೈಟ್’. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಆರಿಸಲ್ಪಟ್ಟವು. ಕರ್ನಾಟಕದಲ್ಲಿ ಆ ಭಾಗ್ಯ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳದು. ತಂತಿ ಜಾಲರಿಯ ಹತ್ತಡಿ ಅಗಲದ ಛತ್ರಿ, ಊರಿಗೆಲ್ಲ ಒಂದೇ ಪೆಟ್ಟಿಗೆ. ಅಮೆರಿಕದ ಉಪಗ್ರಹ ಎರವಲು ಬಂದದ್ದು. ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ!

ಮೊದಲು ನೋಡಿದವರು ನಾವು ಸರಿ. ಆದರೆ ತೆರೆಯ ಮೇಲೆ ಮಾತಾಡುವವರು ಯಾರು? ಧಾರಾವಾಹಿಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲೇ ತಯಾರಾಗುತ್ತವೆ. ದಿನಕ್ಕೊಂದು ಕಂತು ಕೊಡುವ ಓಟ. ನಟಿಗೆ ನಮ್ಮ ಮಾತಿನ ರಾಗ ಕಲಿಸುತ್ತ ಕೂರುವ ಪುರುಸೊತ್ತು ಯಾರಿಗಿದೆ?

ಮಾಸ್ತರರು ಒಪ್ಪಲಿಲ್ಲ. “ನಮ್ಮ ಮಾತಿನ್ಯಾಗ ದುಃಖ ಇಲ್ಲೇನು? ನಮ್ಮ ಹಲಸಂಗಿ ಗೆಳೆಯರು ಹೆಣಮಕ್ಕಳ ಹಾಡು ಕೂಡಿಸಿ 1931ರಾಗ ‘ಗರತಿಯ ಹಾಡು’ ಪುಸ್ತಕ ಮಾಡಿದರು. ತವರು, ಅತ್ತಿಮನಿ, ಬಡತನ ಎಲ್ಲಾ ಅದರಾಗ ಅದ. ಧುತ್ತರಗಿಯವರ ನಾಟಕಕ್ಕ ರಾತ್ರಿಯೆಲ್ಲಾ ಕುಂತು ಅತ್ತ ಮಂದಿ ನಾವು” ಅಂದರು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವೇ 1974ರಲ್ಲಿ ರಾಜ್‌ಕುಮಾರ್, ಮಂಜುಳಾ ಜೋಡಿಯ ಸಿನಿಮಾ ಆಯಿತೆಂಬುದು ಚಿತ್ರರಸಿಕರಿಗೆ ಹೊಸದಲ್ಲ. 1997ರಲ್ಲಿ ನಾಗಾಭರಣರ ‘ನಾಗಮಂಡಲ’ದಲ್ಲಿ ವಿಜಯಲಕ್ಷ್ಮಿಯ ರಾಣಿ ಅತ್ತದ್ದೂ ನಮ್ಮ ಕಡೆಯ ಮಾತಿನಲ್ಲೇ. ಯಾರೂ ನಗಲಿಲ್ಲ!

ಜೋಡಿ ನಗೂದು ಬ್ಯಾರೆ

ಮುದ್ದೇಬಿಹಾಳದ ಚಹಾದ ಅಂಗಡಿಯಲ್ಲಿ ಕಾಲೇಜು ಹುಡುಗರ ಗುಂಪು. ನನ್ನ ಮಾತಿಗೆ ಅವರು ಅಡ್ಡ ಬಿದ್ದರು. “ನಗಸೂದು ತಪ್ಪೇನ್ರಿ ಸರ? ‘ಕಾಮಿಡಿ ಕಿಲಾಡಿಗಳು’ದಾಗ ಬೆಳಗಾವಿ ಜಿಲ್ಲಾದ ಸಂಜು ಬಸಯ್ಯ ಬಂದ್ರ ನಾವು ಶಿಳ್ಳಿ ಹೊಡೀತೀವಿ. ಹಾವೇರಿ ಜಿಲ್ಲಾದ ಹನುಮಂತ ತನ್ನ ಮಾತಿನ್ಯಾಗ ಮಾತಾಡಿಕೋತನ ‘ಬಿಗ್ ಬಾಸ್’ ಗೆದ್ದಾನ!”

ಹೌದು, 2025ರ ಜನವರಿಯಲ್ಲಿ 11ನೇ ಸೀಸನ್ನಿನ ಕಿರೀಟ ಹನುಮಂತ ಲಮಾಣಿಗೇ ಬಂತು. ನಾಡಿನ ಎಲ್ಲ ಕಡೆಯ ಜನ ಅವನ ಮಾತು ಕೇಳಿ ಮೆಚ್ಚಿದರು. ಅಂದಮೇಲೆ ‘ಆ ಭಾಷೆ ಉಳಿದವರಿಗೆ ತಿಳಿಯೋದಿಲ್ಲ’ ಅನ್ನುವ ನೆಪಕ್ಕೆ ಬೆಲೆ ಎಲ್ಲಿ?

ಆ ಗುಂಪಿನಲ್ಲಿ ತೆಪ್ಪಗೆ ಕೂತಿದ್ದ ಹುಡುಗನೊಬ್ಬ ಕೊನೆಗೆ ಒಂದು ಮಾತು ಅಂದ: “ನಮ್ಮ ಜೋಡಿ ನಗೂದು ಬ್ಯಾರೆ ಸರ, ನಮ್ಮನ್ನ ನೋಡಿ ನಗೂದು ಬ್ಯಾರೆ.” ಭೇಷ್! ನಾನು ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು, ಇದಕ್ಕಿಂತ ಚೆನ್ನಾಗಿ ನನಗೆ ಹೇಳಲಿಕ್ಕೆ ಬರೋದಿಲ್ಲ.

‘ಅವ್ವಾ’ ಅಂದರೆ ಕಾಮಿಡಿಯೇ?

ಬಸವನ ಬಾಗೇವಾಡಿ ತಲುಪಿದಾಗ ಹೊತ್ತು ಮುಳುಗಿತ್ತು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡ ತಾಯಿಯೊಬ್ಬರು ‘ಪುಟ್ಟಕ್ಕನ ಮಕ್ಕಳು’ ಅಭಿಮಾನಿ. 2021ರ ಡಿಸೆಂಬರಿನಲ್ಲಿ ಶುರುವಾದ ಆ ಧಾರಾವಾಹಿಯಲ್ಲಿ ಉಮಾಶ್ರೀ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. “ಆಕಿದು ಮೈಸೂರ ಕಡೀ ಹಳ್ಳಿ ಮಾತು. ಆದ್ರೂ ಕೇಳಿ ಎಷ್ಟು ಅತ್ತೀನಿ! ಹಂಗ ನಮ್ಮದೂ ಕೇಳಿದ್ರ ಅವರೂ ಅಳತಾರಲ್ರಿ?” ಅಂತ ಸೂಜಿಗೆ ದಾರ ಪೋಣಿಸುತ್ತ ಕೇಳಿದರು. ಆಮೇಲೆ ದನಿ ತಗ್ಗಿಸಿ, “ನನ್ನ ಮಗಳು ಈಗ ನನಗ ‘ಅಮ್ಮಾ’ ಅಂತಾಳ್ರಿ. ‘ಅವ್ವಾ’ ಅನ್ನಂಗಿಲ್ಲ. ಯಾಕ ಅಂದ್ರ, ಹಂಗ ಅನ್ನಾವ್ರು ಕಾಮಿಡಿ ಮಾಡಾವ್ರು ಅಂತ!”

ಯಂತ್ರ ಮತ್ತೆ ಟಕಟಕ ಸದ್ದು ಮಾಡಿತು. ನಾನು ಸುಮ್ಮನೆ ಎದ್ದು ಬಂದೆ. ಇದು ಬಸವಣ್ಣ ಹುಟ್ಟಿದ ಊರು. ಶರಣರು ಹನ್ನೆರಡನೆಯ ಶತಮಾನದಲ್ಲೇ ಆಡುಮಾತಿನಲ್ಲಿ ದೇವರನ್ನು ಮಾತಾಡಿಸಿದರು. ಅದೇ ಊರಿನಲ್ಲಿ ಒಂದು ಎಳೆ ಹುಡುಗಿಗೆ ತಾಯಿಯನ್ನು ಕರೆಯಲು ನಾಚಿಕೆ!

ನಿರ್ಮಾಪಕ ಮಹಾಶಯರೇ, ಸಂಭಾಷಣೆ ಬರೆಯುವ ಅಣ್ಣಂದಿರೇ, ನಮ್ಮ ಕುಡುಕನನ್ನು ಬಿಡಿ ಅಂತ ನಾವು ಕೇಳುತ್ತಿಲ್ಲ. ನಗಿಸಿ, ಚೆನ್ನಾಗಿ ನಗಿಸಿ. ಆದರೆ ಒಂದೇ ಒಂದು ಕಂತಿನಲ್ಲಿ ನಿಮ್ಮ ನಾಯಕಿ “ಯವ್ವಾ” ಅಂತ ತಾಯಿಯ ಹೆಗಲಿಗೆ ಒರಗಲಿ. ಇಂಡಿಯ ಅಕ್ಕ ಕಾಯುತ್ತಿದ್ದಾರೆ. ಅವತ್ತು ಹಂಚಿನ ಮೇಲಿನ ರೊಟ್ಟಿಯೆಲ್ಲ ಸೀದುಹೋಗಲಿ, ಒಬ್ಬ ಗಿರಾಕಿಯೂ ಗೊಣಗೋದಿಲ್ಲ!

ಏನಂತೀರಿ, ಓದುಗರೇ?