ರೇಡಿಯೊ ಕೋಣೆಯಿಂದ ಹೊರಟ ಸಿನಿಮಾ

ನಿರ್ದೇಶಕ ವಾರ್ವಿಕ್ ಥಾರ್ನ್‌ಟನ್ ಅವರ ‘ಸ್ಯಾಮ್ಸನ್ ಅಂಡ್ ಡಿಲೈಲಾ’ ಸಿನಿಮಾದಲ್ಲಿ ರಾತ್ರಿಯ ದೃಶ್ಯವೊಂದಿದೆ. ಹುಡುಗಿ ಡಿಲೈಲಾ, ನಿಂತಿರುವ ಕಾರಿನೊಳಗೆ ಕೂತು ಕ್ಯಾಸೆಟ್ಟಿನಲ್ಲಿ ಸ್ಪ್ಯಾನಿಷ್ ಹಾಡು ಕೇಳುತ್ತಿದ್ದಾಳೆ. ಹೊರಗೆ ಹುಡುಗ ಸ್ಯಾಮ್ಸನ್ ತನ್ನ ಪಾಡಿಗೆ ರಾಕ್ ಸಂಗೀತಕ್ಕೆ ಕುಣಿಯುತ್ತಿದ್ದಾನೆ. ನೋಡನೋಡುತ್ತಿದ್ದಂತೆ ಅವನ ಸಂಗೀತ ಅಡಗಿ ಅವಳ ಹಾಡು ನಮ್ಮ ಕಿವಿ ತುಂಬುತ್ತದೆ. ಅವನ ಕುಣಿತ ಈಗ ಅವಳ ಹಾಡಿಗೇ ಹೆಜ್ಜೆ ಹಾಕಿದಂತೆ ಕಾಣುತ್ತದೆ. ಪ್ರೀತಿ ಹುಟ್ಟಿದ್ದು ನಮಗೆ ಗೊತ್ತಾಗುವುದು ಹಾಗೆ, ಮಾತೇ ಇಲ್ಲ.

ಇಷ್ಟು ಚೆನ್ನಾಗಿ ಕಿವಿಯಿಂದ ಕಥೆ ಹೇಳುವ ವಿದ್ಯೆ ಬಂದದ್ದು ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿಯ ಊರು ಆಲಿಸ್ ಸ್ಪ್ರಿಂಗ್ಸ್‌ನಿಂದ. 1980ರಲ್ಲಿ ಅಲ್ಲಿ ಫ್ರೀಡಾ ಗ್ಲಿನ್, ಫಿಲಿಪ್ ಬ್ಯಾಟಿ, ಜಾನ್ ಮಕುಂಬಾ ಸೇರಿ ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿ ಮಾಧ್ಯಮ ಸಂಘವನ್ನು ಕಟ್ಟಿದರು. ಅರೆರ್ಂಟೆ, ವಾರ್ಲ್‌ಪಿರಿ ಮೊದಲಾದ ನೆಲದ ನುಡಿಗಳು ರೇಡಿಯೊದಲ್ಲಿ ಕೇಳಿಸಿದವು. ಮರುಭೂಮಿಯ ಹುಡುಗರ ರಾಕ್, ರೆಗೇ, ಕಂಟ್ರಿ ಬ್ಯಾಂಡುಗಳ ಹಾಡುಗಳು ಕ್ಯಾಸೆಟ್ಟುಗಳಾಗಿ ಊರೂರು ಸುತ್ತಿದವು. ಅಷ್ಟರಲ್ಲಿ ಉಪಗ್ರಹ ಟಿವಿ ಬರುವ ಸುದ್ದಿ. ಹೊರಗಿನ ಕಾರ್ಯಕ್ರಮಗಳ ಹೊಳೆಯಲ್ಲಿ ತಮ್ಮ ಭಾಷೆಗಳು ಕೊಚ್ಚಿಹೋಗುತ್ತವೆಂಬ ಆತಂಕದಿಂದ ಸಂಘ ಪರವಾನಗಿಗೆ ಹೋರಾಡಿತು. 1988ರಲ್ಲಿ ಮೂಲನಿವಾಸಿಗಳದೇ ಒಡೆತನದ ‘ಇಂಪಾರ್ಜಾ’ ಟಿವಿ ಶುರುವಾಯಿತು.

ಫ್ರೀಡಾ ಅವರ ಮಗನೇ ವಾರ್ವಿಕ್. ಹದಿಹರೆಯದಲ್ಲಿ ಅಮ್ಮನ ರೇಡಿಯೊದಲ್ಲಿ ಹಾಡು ಹಾಕುತ್ತಿದ್ದವರು, ಆಮೇಲೆ ಕ್ಯಾಮೆರಾ ಹಿಡಿದರು. 2009ರಲ್ಲಿ ‘ಸ್ಯಾಮ್ಸನ್ ಅಂಡ್ ಡಿಲೈಲಾ’ಕ್ಕೆ ಕಾನ್ ಉತ್ಸವದ ‘ಕ್ಯಾಮೆರಾ ದೋರ್’ ಸಿಕ್ಕಿತು, ಚೊಚ್ಚಲ ಚಿತ್ರಕ್ಕೆ ಕೊಡುವ ಪ್ರಶಸ್ತಿ ಅದು. ಚಿತ್ರ ತೆರೆದುಕೊಳ್ಳುವಾಗ ಚಾರ್ಲಿ ಪ್ರೈಡ್ ಅವರ ಉಲ್ಲಾಸದ ಹಾಡೊಂದು ಕೇಳುತ್ತಿರುತ್ತದೆ. ತೆರೆಯ ಮೇಲೆ ಹುಡುಗ ನಿದ್ದೆಯಿಂದೆದ್ದು ಪೆಟ್ರೋಲ್ ಮೂಸುತ್ತಿರುತ್ತಾನೆ. ಜಗಲಿಯಲ್ಲಿ ಅಣ್ಣನ ಬ್ಯಾಂಡು ದಿನವಿಡೀ ಒಂದೇ ರೆಗೇ ಧಾಟಿ ನುಡಿಸುತ್ತದೆ. ಹುಡುಗ ಗಿಟಾರ್ ಮುಟ್ಟಿದರೆ ಕಿತ್ತುಕೊಳ್ಳುತ್ತಾರೆ. ಆ ಊರಲ್ಲಿ ಎಳೆಯರಿಗೆ ಮಾಡಲು ಏನೂ ಇಲ್ಲವೆಂಬುದನ್ನು ಇದಕ್ಕಿಂತ ನಿಚ್ಚಳವಾಗಿ ಹೇಳಿದ ಸಿನಿಮಾ ನಾನು ನೋಡಿಲ್ಲ. ಡಿಲೈಲಾಳ ಅಜ್ಜಿಯ ಪಾತ್ರ ಮಾಡಿದ ಮಿಟ್ಜಿಲಿ ನಪನಾಂಗ್ಕ ಗಿಬ್ಸನ್ ನಿಜ ಬದುಕಿನಲ್ಲೂ ಚಿತ್ರಕಲಾವಿದೆಯಾಗಿದ್ದರು. ಸಿನಿಮಾದಲ್ಲಿ ಆ ಅಜ್ಜಿಯ ಕೈಯಿಂದ ಪುಡಿಗಾಸಿಗೆ ಹೋದ ಚಿತ್ರ ಪಟ್ಟಣದ ಗ್ಯಾಲರಿಯಲ್ಲಿ ಸಾವಿರಾರು ಡಾಲರಿಗೆ ತೂಗುವುದನ್ನು ಮೊಮ್ಮಗಳು ಕಣ್ಣಾರೆ ಕಾಣುತ್ತಾಳೆ.

ಅದೇ ಸಂಘದಲ್ಲಿ ಪಳಗಿದ ಇನ್ನೊಬ್ಬರು ರೇಚಲ್ ಪರ್ಕಿನ್ಸ್. 2001ರ ಅವರ ‘ಒನ್ ನೈಟ್ ದ ಮೂನ್’ ಹಾಡುಗಳಲ್ಲೇ ನಡೆಯುವ ಚಿತ್ರ. ಬಿಳಿಯರ ಮಗುವೊಂದು ಕಳೆದುಹೋಗುತ್ತದೆ. ಹೆಜ್ಜೆಗುರುತು ಓದಬಲ್ಲ ಮೂಲನಿವಾಸಿ ಬಾಗಿಲಿಗೆ ಬಂದರೆ, ತಂದೆ ಅವನನ್ನು ತನ್ನ ಜಮೀನಿಗೇ ಬಿಟ್ಟುಕೊಳ್ಳುವುದಿಲ್ಲ. ಸಂಗೀತ ಕೊಟ್ಟವರಲ್ಲಿ ಮೂಲನಿವಾಸಿ ಗಾಯಕ ಕೆವ್ ಕಾರ್ಮೊಡಿ ಒಬ್ಬರು; ಅವರ ಜೊತೆ ದುಡಿದ ಪಾಲ್ ಕೆಲ್ಲಿ ತಂದೆಯ ಪಾತ್ರವನ್ನೂ ಮಾಡಿದ್ದಾರೆ.

ಹೊಸದಾಗಿ ನೋಡುವವರು ಥಾರ್ನ್‌ಟನ್ ಅವರ 2005ರ ಕಿರುಚಿತ್ರ ‘ಗ್ರೀನ್ ಬುಷ್’ನಿಂದ ಶುರುಮಾಡಲಿ. ಒಂದು ರಾತ್ರಿ, ಒಂದು ರೇಡಿಯೊ ನಿಲಯ. ಜೈಲಿನಲ್ಲಿರುವವರಿಗಾಗಿ ಮನೆಯವರು ಕೋರಿಕೆಯ ಹಾಡು ಕೇಳುತ್ತಾರೆ, ಆಸರೆ ಬೇಕಾದವರು ಬಾಗಿಲು ತಟ್ಟುತ್ತಾರೆ. ನಿರೂಪಕ ಕೆನ್ನಿ ಹಾಡು ಹಾಕುತ್ತಲೇ ಎದ್ದು ಹೋಗಿ ಬಾಗಿಲು ತೆರೆಯಬೇಕು.