ಮಾತ್ರೆ ನುಂಗುವುದು ಪಾಪವೇ?

ಶಿರಾದ ಆಸುಪಾಸಿನ ಒಂದು ಹಳ್ಳಿಗೆ ವ್ಯಾಧಿಸ್ಥರಿಗೆ ಪರಮಪ್ರಸಾದ ಕೊಡಲೆಂದು ನಾವು ಹೋಗಿದ್ದ ತಪಸ್ಸುಕಾಲದ ಒಂದು ಮಧ್ಯಾಹ್ನ ಇಂದಿಗೂ ನಮ್ಮ ಮನಸ್ಸಿನಿಂದ ಅಳಿದಿಲ್ಲ. ಆ ತಾಯಿಗೆ ಸ್ತನದ ಕ್ಯಾನ್ಸರ್. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಚಿಕಿತ್ಸೆ ಎಲ್ಲವೂ ಆಗಿ ನಾಲ್ಕು ವರ್ಷಗಳ ತರುವಾಯ ರೋಗವು ಬೆನ್ನುಮೂಳೆಗೆ ಇಳಿದಿತ್ತು. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ಹಲ್ಲು ಕಚ್ಚಿಕೊಂಡಿದ್ದರು. ವೈದ್ಯರು ಕೊಟ್ಟಿದ್ದ ಮಾರ್ಫಿನ್ ಮಾತ್ರೆಗಳ ಪೊಟ್ಟಣವನ್ನು ಬಿಚ್ಚದೆ ದೇವರ ಪಟದ ಹಿಂದೆ ಇಟ್ಟಿದ್ದರು. ಏಕೆ ತೆಗೆದುಕೊಂಡಿಲ್ಲವೆಂದು ಕೇಳಿದೆವು. "ಸ್ವಾಮೇರೇ, ಯೇಸುಸ್ವಾಮಿ ಶಿಲುಬೆ ಮ್ಯಾಲೆ ಮಾತ್ರೆ ನುಂಗಿದ್ರಾ?" ಎಂದರು.

ಆ ಪ್ರಶ್ನೆಯನ್ನು ಅವರಿಗೆ ಕಲಿಸಿದವರು ನಾವೇ. ಎರಡು ವಾರದ ಹಿಂದಿನ ಪ್ರಬೋಧನೆಯಲ್ಲಿ, ಕಪಾಲಸ್ಥಳದಲ್ಲಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಪ್ರಭು ಸ್ವೀಕರಿಸಲಿಲ್ಲವೆಂಬ ಮಾರ್ಕನ ವಾಕ್ಯವನ್ನು ವಿಸ್ತಾರವಾಗಿ ಬಣ್ಣಿಸಿ, ನಿಮ್ಮ ನೋವುಗಳನ್ನೂ ಹಾಗೆಯೇ ಕಾಣಿಕೆಯಾಗಿ ಅರ್ಪಿಸಿರೆಂದು ಹೇಳಿದ್ದೆವು. ಗುರುಮಠದಲ್ಲಿ ತತ್ವಶಾಸ್ತ್ರ ಓದಿ, ಕೇಡಿನ ಸ್ವರೂಪವೇನೆಂದು ಪುಟಗಟ್ಟಲೆ ಉತ್ತರ ಬರೆದ ನಮಗೆ ಆ ಚಾಪೆಯ ಮುಂದೆ ಒಂದು ಮಾತೂ ಹೊರಡಲಿಲ್ಲ.

ಚಿಕಿತ್ಸೆಯ ಕಾಲದಲ್ಲಿಯೂ ಆಕೆ ಯಾವುದನ್ನೂ ಬಾಯಿಬಿಟ್ಟು ಹೇಳಿರಲಿಲ್ಲವೆಂಬುದು ಅವರ ಮಗಳಿಂದ ಅನಂತರ ತಿಳಿಯಿತು. ನಮ್ಮ ಹೆಣ್ಣುಮಕ್ಕಳು ಮಾತ್ರೆಗಿಂತ ನೋವನ್ನೇ ಸುಲಭವಾಗಿ ನುಂಗುತ್ತಾರೆ. ಕಿಮೊಥೆರಪಿಯ ಔಷಧವು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಇದು ಕ್ಯಾನ್ಸರಿನದು, ಇದು ಕೂದಲ ಬುಡದ್ದು ಎಂಬ ಭೇದ ಅದಕ್ಕಿಲ್ಲ. ಆದ್ದರಿಂದಲೇ ಎರಡು ಮೂರು ವಾರಗಳಲ್ಲಿ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ವಾಕರಿಕೆ ಬರುವುದು. ಕೂದಲು ಮತ್ತೆ ಬೆಳೆಯುತ್ತದೆ. ವಾಕರಿಕೆಗೆ ಒಳ್ಳೆಯ ಮದ್ದುಗಳಿವೆ. ಆದರೆ ರಕ್ತದ ಬಿಳಿಕಣಗಳು ಕುಗ್ಗಿದ ದಿನಗಳಲ್ಲಿ ಬರುವ ಜ್ವರವನ್ನು ಮಾತ್ರ ಕಷಾಯ ಕುಡಿದು ನೋಡೋಣವೆಂದು ತಡಮಾಡಬಾರದು. 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ವಿಕಿರಣದಿಂದ ಚರ್ಮ ಕಪ್ಪಾಗಿ ಮೈ ಸೋಲುತ್ತದೆ. ಕಂಕುಳಿನ ಗ್ರಂಥಿಗಳನ್ನು ತೆಗೆದ ಕಡೆಯ ತೋಳು ತಿಂಗಳುಗಳ ಮೇಲೋ ವರ್ಷಗಳ ಮೇಲೋ ಊದಿಕೊಳ್ಳಬಹುದು. ಕಡಲೆಕಾಯಿ ಕಿತ್ತು, ಸೌದೆ ತಂದು ಬದುಕುವವರಿಗೆ ಇದು ಸಣ್ಣ ತೊಂದರೆಯಲ್ಲ. ಆ ಕೈಗೆ ಮುಳ್ಳು ತರಚಿದರೂ ಕೂಡಲೇ ತೊಳೆದು ಜೋಪಾನ ಮಾಡಬೇಕು, ಹೇಳಿಕೊಟ್ಟ ವ್ಯಾಯಾಮ ಬಿಡಬಾರದು. ಇನ್ನು ಟ್ಯಾಮಾಕ್ಸಿಫೆನ್ ಮಾತ್ರೆ. 5ರಿಂದ 10 ವರ್ಷ ದಿನವೂ ನುಂಗಬೇಕಾದ ಇದನ್ನು, ಮೈಯೆಲ್ಲಾ ಬಿಸಿಯೇರಿ ಬೆವರುತ್ತದೆಂಬ ಕಾರಣಕ್ಕೆ ಎಷ್ಟೋ ಜನ ಯಾರಿಗೂ ತಿಳಿಸದೆ ನಿಲ್ಲಿಸುತ್ತಾರೆ. ಈ ತಾಯಿಯೂ ಎರಡನೆಯ ವರ್ಷವೇ ನಿಲ್ಲಿಸಿದ್ದರು. ಹೇಳಿಕೊಂಡಿದ್ದರೆ ವೈದ್ಯರು ಬೇರೆ ದಾರಿ ಯೋಚಿಸಬಹುದಿತ್ತು.

ಉಪಶಮನ ಚಿಕಿತ್ಸೆ ಎಂದೊಡನೆ ಜನರಿಗೆ ಕೇಳಿಸುವುದು 'ಡಾಕ್ಟ್ರು ಕೈಬಿಟ್ರು' ಎಂದು. ನಮ್ಮ ಅನುಭವವೂ ಅಷ್ಟೇ: ಗುರುಗಳು ಅಭ್ಯಂಗದ ಎಣ್ಣೆ ತಂದರೆಂದರೆ ಕಥೆ ಮುಗಿಯಿತೆಂದು ಹೆದರಿ ಬಾಗಿಲಲ್ಲೇ ತಡೆದ ಮನೆಗಳುಂಟು. ಆ ಸಂಸ್ಕಾರ ಸಾಯುವ ಗಳಿಗೆಗಷ್ಟೇ ಮೀಸಲಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿದೆ. ಉಪಶಮನವೂ ಹಾಗೆಯೇ, ರೋಗದ ಚಿಕಿತ್ಸೆ ನಡೆಯುತ್ತಿರುವಾಗಲೇ ಅದು ಜೊತೆಗಿರಬೇಕಾದದ್ದು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ, ಬಳಿಕ ವೈದ್ಯೆಯಾದವರು. ರೋಗಿಯ ನೋವಿನಲ್ಲಿ ದೇಹದ ಪಾಲಿನಂತೆ ಮನಸ್ಸಿನ, ಮನೆಯ, ಆತ್ಮದ ಪಾಲೂ ಇದೆಯೆಂದು ಅವರು ಕಂಡುಕೊಂಡರು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಟ್ರಸ್ಟೊಂದು 1999ರಿಂದ ನಡೆಸುತ್ತಿರುವ ಕರುಣಾಶ್ರಯದಲ್ಲಿ, ಗುಣವಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳಿಂದ ಒಂದು ಕಾಸೂ ಪಡೆಯದೆ ಆರೈಕೆ ಮಾಡುತ್ತಾರೆ. ಕಿದ್ವಾಯಿ ಆಸ್ಪತ್ರೆಯಲ್ಲಿಯೂ, ನಮ್ಮ ಸಂತ ಯೊವಾನ್ನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಉಪಶಮನ ಚಿಕಿತ್ಸೆಯುಂಟು. ಶಿರಾದಿಂದ ಬೆಂಗಳೂರು 120 ಕಿಲೋಮೀಟರಿನಷ್ಟು ದೂರ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಚಿಂತೆಯೇನೋ ತಪ್ಪಿತು. ಬೆನ್ನುಮೂಳೆ ನೊಂದವರು ಆ ಬಸ್ಸಿನಲ್ಲಿ ಕೂರುವುದೆಂತು ಎಂಬ ಚಿಂತೆ ತಪ್ಪಲಿಲ್ಲ.

ಮಾರ್ಫಿನ್ನಿನ ವಿಷಯಕ್ಕೆ ಬರೋಣ. ಆ ಮನೆಯಲ್ಲಿ ಮಗನಿಗೆ ಅದು ಅಫೀಮಿನ ಚಟ ಹತ್ತಿಸೀತೆಂಬ ಭಯ. ಮಾರ್ಫಿನ್ ಅಫೀಮಿನಿಂದಲೇ ಬಂದದ್ದು ನಿಜ. 1985ರ ಮಾದಕದ್ರವ್ಯ ಕಾಯಿದೆಯ ಬಿಗಿಯಿಂದ ದೇಶದ ಬಹಳಷ್ಟು ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳಲೇ ಹಿಂಜರಿದವು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ವೈದ್ಯರ ಕಣ್ಗಾವಲಿನಲ್ಲಿ ಕ್ಯಾನ್ಸರಿನ ನೋವಿಗೆ ತೆಗೆದುಕೊಳ್ಳುವವರಿಗೆ ಚಟ ಹತ್ತುವುದು ವಿರಳ. ಸಾಮಾನ್ಯ ಮಾತ್ರೆಯಾದರೆ 4 ಗಂಟೆಗೊಮ್ಮೆ, ನೋವು ಮರುಕಳಿಸುವ ಮೊದಲೇ, ಗಡಿಯಾರ ನೋಡಿ ಕೊಡಬೇಕು. ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಇರುತ್ತದೆ, ಆಮೇಲೆ ತಗ್ಗುತ್ತದೆ. ಮಲಬದ್ಧತೆ ಮಾತ್ರ ತಗ್ಗದು. ಆದ್ದರಿಂದ ಮೊದಲ ದಿನದಿಂದಲೇ ಅದಕ್ಕೂ ಔಷಧ ಬೇಕು. ಮೂಳೆಯ ನೋವಿಗೆ ಒಂದೇ ದಿನದ ವಿಕಿರಣವೂ ಎಷ್ಟೋ ಜನರಿಗೆ ಆರಾಮ ತರುತ್ತದೆ. ಬೆನ್ನುನೋವಿನೊಡನೆ ಕಾಲು ಸೋತರೆ, ಮೂತ್ರ ಕಟ್ಟಿದರೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು.

ಇನ್ನು ನಮ್ಮಿಂದ ಹುಟ್ಟಿದ ಭಯ. ನೋವನ್ನು ತಗ್ಗಿಸಲು ಬೇರೆ ಮಾರ್ಗವಿಲ್ಲದಾಗ, ಆಯುಸ್ಸು ಒಂದಿಷ್ಟು ಕುಗ್ಗುವ ಸಂಭವವಿದ್ದರೂ ಇಂತಹ ಔಷಧ ಕೊಡಬಹುದೆಂದು ಪೋಪ್ 12ನೆಯ ಪಿಯುಸ್‌ರವರು 1957ರಲ್ಲಿ ಅರಿವಳಿಕೆ ವೈದ್ಯರಿಗೆ ಸ್ಪಷ್ಟವಾಗಿ ಹೇಳಿದ್ದರು. ಅವರಿಗೂ ಏಳುನೂರು ವರ್ಷ ಹಿಂದಿನ ಸಂತ ತೋಮಸ್ ಅಕ್ವಿನಾಸರು ದುಃಖ, ವೇದನೆಗಳಿಗೆ ಪರಿಹಾರಗಳನ್ನು ಹೇಳುವಾಗ ಕಣ್ಣೀರು, ಸ್ನೇಹಿತರ ಅನುಕಂಪ, ಸತ್ಯದ ಚಿಂತನೆಗಳ ಜೊತೆಗೆ ನಿದ್ದೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ. ವಿದ್ಯಾರ್ಥಿಗಳಾಗಿದ್ದಾಗ ಆ ಭಾಗವನ್ನು ಓದಿ ನಾವು ನಕ್ಕದ್ದುಂಟು.

ಮೂರನೆಯ ದಿನ ಮತ್ತೆ ಹೋದೆವು. ಪ್ರಭು ತಮ್ಮ ಪಾಲಿನ ದ್ರಾಕ್ಷಾರಸವನ್ನು ಬೇಡವೆಂದರು ನಿಜ, ಆದರೆ ತಮ್ಮ ಬಳಿ ಬಂದ ಯಾವ ರೋಗಿಗೂ ನೋವನ್ನು ಇಟ್ಟುಕೋ ಎನ್ನಲಿಲ್ಲ, ಅಂದು ನಾವು ಅರ್ಧ ಮಾತ್ರ ಹೇಳಿದ್ದೆವು ಎಂದು ಒಪ್ಪಿಕೊಂಡೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಪೊಟ್ಟಣ ನೀವೇ ತೆಗ್ದುಕೊಡಿ" ಎಂದರು.

ಗರಿಗಳ ಭಾನುವಾರ ಕಳೆದು ಹೋದಾಗ ಅವರು ಜಗಲಿಯಲ್ಲಿ ಗೋಡೆಗೊರಗಿ ಕುಳಿತು ಮೊಮ್ಮಗಳಿಗೆ ಜಡೆ ಹೆಣೆಯುತ್ತಿದ್ದರು. ಊದಿದ ಕೈ ತಿರುಗದೆ ಜಡೆ ಸೊಟ್ಟಗಾಗಿತ್ತು. ರಾತ್ರಿ ನಿದ್ದೆ ಬಂತೇ ಎಂದು ಕೇಳುವಷ್ಟರಲ್ಲಿ ಆ ಹುಡುಗಿ ಅರ್ಧ ಹೆಣೆದ ಜಡೆಯನ್ನು ಬಿಡಿಸಿಕೊಂಡು, "ಅಜ್ಜಿ, ಎರಡು ಗಂಟೆ ಆಯ್ತು" ಎಂದು ಮಾತ್ರೆ ತರಲು ಒಳಗೆ ಓಡಿದಳು.